ಗಿಡ್ಡ ರಾಡಿನ ಕನ್ನಡಿ

"ಈ ಗಾಡಿನಾ? ನಾ ಇದನ್ನ ಮುಟ್ಟಂಗಿಲ್ಲ."

ಆ ದನಿ ಕೇಳಿ ಸಾಬಣ್ಣನ ಕೈಯಲ್ಲಿದ್ದ, ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು. ಮರಿಲಿಂಗಮ್ಮ... ವರ್ಷವಾದ ಮೇಲೆ ಇವತ್ತೇ ಎದುರು ನಿಂತಿದ್ದಳು.

ಭೀಮರಾಯನಗುಡಿಯ ಶೆಡ್ಡಿನಲ್ಲಿ ಕಾಲುವೆ ಕೆಲಸದ ಹಳೆಯ ಮಿಲ್ಟ್ರಿ ಲಾರಿಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಸಾಬಣ್ಣ ಈಗ ರಿಪೇರಿ ಮಾಡುತ್ತಿದ್ದ ಇದೇ ಲಾರಿ ಹಿಂದಕ್ಕೆ ಬರುವಾಗ ಅವಳ ಅಪ್ಪ ಅಯ್ಯಪ್ಪ ಚಕ್ರದಡಿ ಸಿಕ್ಕು ಸತ್ತಿದ್ದ. ಓಡಿಸುತ್ತಿದ್ದವನು ಸಾಬಣ್ಣ. ಅವಳ ಅತ್ತೆಯ ಮಗ, ಅವಳನ್ನು ಮದುವೆಯಾಗಬೇಕಿದ್ದವನು.

"ಕನ್ನಡಿಯೊಳಗ ಹುಡುಗಿನ್ನ ನೋಡಕೋತ ಮಾವನ್ನ ಕೊಂದ" ಎಂದು ಅವರೂರು ಸಗರದ ಮಂದಿ ಆಡಿಕೊಂಡರು. ಮದುವೆಯ ಮಾತುಕತೆ ಮುರಿಯಿತು.

ಅವತ್ತು ಅವಳು ಮಣ್ಣಿನ ಬುಟ್ಟಿ ಹೊತ್ತು ಲಾರಿಯ ಹಿಂದೆಯೇ ಓಡಾಡಿದ್ದಳು. ಹೊಸ ಹಸಿರು ಸೀರೆ ಉಟ್ಟಿದ್ದಳು, ಅವನು ನೋಡಲಿ ಅಂತಲೇ. ತನ್ನನ್ನು ನೋಡುತ್ತಲೇ ಅವನು ಅಪ್ಪನನ್ನು ಕಾಣದೆ ಹೋದ ಎಂದು ಅವಳೂ ನಂಬಿದ್ದಳು.

"ಮೇಸ್ತ್ರಿ ಸರದಾರಸಾಬ ಕಳಿಸ್ಯಾನ. ಬ್ಯಾಡಂದ್ರ ಕೂಲಿ ಹೋಗ್ತದ," ಅಂದಳು. "ಏನ್ ಮಾಡ್ಬೇಕು ಲಗೂನ ಹೇಳು. ನಿನ್ನ ಮಾರಿ ನೋಡಾಕ ಬಂದಿಲ್ಲ ನಾ."

"ಸೀಟಿನ್ಯಾಗ ಕುಂದ್ರು. ಕನ್ನಡ್ಯಾಗ ಏನ್ ಕಾಣಸ್ತದ ಹೇಳು. ಕನ್ನಡಿ ರಾಡು ಬದಲಿ ಮಾಡೂದದ."

ಅವತ್ತು ಅವನು ಕೂತಿದ್ದ ಜಾಗ. ಹಲ್ಲು ಕಚ್ಚಿ ಹತ್ತಿ ಕೂತಳು.

"ಏನ್ ಕಾಣಸ್ತದ?"

"ಹಲಗಿ."

ಅವನು ಕನ್ನಡಿಯನ್ನು ತುಸು ಹೊರಗೆ ತಿರುವಿದ. "ಈಗ?"

"ಹಲಗಿನೇ."

ಹೆಚ್ಚು ಮಣ್ಣು ಹಿಡಿಯಲೆಂದು ಗುತ್ತೇದಾರ ಲಾರಿಗೆ ಹಲಗೆ ಕಟ್ಟಿಸಿ ಅಗಲ ಮಾಡಿಸಿದ್ದ. ಕನ್ನಡಿಯ ರಾಡು ಮಾತ್ರ ಮಿಲ್ಟ್ರಿಯದೇ, ಗಿಡ್ಡ. ಅವತ್ತೂ ಹೀಗೇ ಇತ್ತು; ಅಪ್ಪ ಸತ್ತಾಗಿನಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಅವಳು ಕನ್ನಡಿ ಬಿಟ್ಟು ಅವನತ್ತ ತಿರುಗಿದಳು. 'ಹಂಗಾದ್ರ ಅವತ್ತು...'

"ಅವತ್ತು ನಾ ನಿನಗ ಕಂಡಿದ್ದಿಲ್ಲೇನು?"

"ಇಲ್ಲ. ನೀನೂ ಕಂಡಿಲ್ಲ, ಮಾವನೂ ಕಂಡಿಲ್ಲ. ಹಿಂದ ನಿಂತು 'ಬಾ, ಬಾ' ಅನ್ನೂ ಅವನ ಕೂಗು ಕೇಳಿ ಗಾಡಿ ಹಿಂದ ತರತಿದ್ದೆ. ಇಂಜಿನ್ ಸಪ್ಪಳದಾಗ ಕೂಗು ನಿಂತದ್ದು ತಿಳೀಲಿಲ್ಲ."

"ಇದನ್ನ ಅವಾಗೇ ಯಾಕ ಹೇಳಲಿಲ್ಲ? ತಂದಿನ್ನ ತಿಂದ ಸೀರಿ ಅಂದ್ರು ನನಗ. ಬಾವಿ ಕಟ್ಟಿ ಮ್ಯಾಲ ನಿಂದ್ರಾಕ ಬಿಡಲಿಲ್ಲ."

ಸಾಬಣ್ಣ ತಲೆ ಎತ್ತಲಿಲ್ಲ. "ಕಾಣದ ಗಾಡಿ ಯಾಕ ಓಡಿಸಿದಿ ಅಂತ ನೀ ಕೇಳತಿದ್ದಿ. ಅದಕ್ಕ ನನ್ನ ಕಡಿ ಜವಾಬಿದ್ದಿಲ್ಲ. ಈಗೂ ಇಲ್ಲ."

ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಅತ್ತಳು. ಸಿಟ್ಟು ಇಳಿಯಲಿಲ್ಲ. ಆದರೆ ಅಪ್ಪನನ್ನು ಕೊಂದದ್ದು ತನ್ನ ಹಸಿರು ಸೀರೆಯಲ್ಲ... ಅಷ್ಟು ಗೊತ್ತಾಯಿತು.

ಅವನು ಉದ್ದ ರಾಡು ಕೂಡಿಸಿ ನಟ್ಟು ಬಿಗಿದ. ಅವಳು ಕಣ್ಣೊರೆಸಿಕೊಂಡು ಇಳಿದಳು.

"ನೀ ಕುಂದ್ರು. ನಾ ಹಿಂದ ನಿಂದರ್ತೀನಿ."

"ಅವತ್ತಿಂದ ಸ್ಟೇರಿಂಗ್ ಮುಟ್ಟಿಲ್ಲ ನಾ. ನೀ ಅಲ್ಲಿ ನಿಂದರಬ್ಯಾಡ, ಮರಿ..."

"ಕುಂದ್ರು ಅಂದೆ."

ಲಾರಿಯ ಹಿಂದಿನ ಮೂಲೆ. ಅಪ್ಪ ನಿಂತಿದ್ದ ಜಾಗ. ಅಲ್ಲೇ ಹೋಗಿ ನಿಂತಳು.

"ಕಾಣಸ್ತೀನೇನು... ಮಾಂವ?"

ಮದುವೆ ಮಾತಾದಾಗಿನಿಂದ ಅವಳು ಅವನನ್ನು ಕರೆಯುತ್ತಿದ್ದ ಆ ಮಾತು ಎಷ್ಟು ದಿನದ ಮೇಲೆ ಅವಳ ಬಾಯಲ್ಲಿ ಬಂದಿತ್ತು. ಅವನು ಸೀಟಿನಿಂದಲೇ ಕನ್ನಡಿಯತ್ತ ಬಾಗಿದ.

"ಕಾಣಸ್ತಿ. ಪೂರ್ತಿ ಕಾಣಸ್ತಿ."

"ಆ ಹಸರ ಸೀರಿ ಪೆಟ್ಟಿಗ್ಯಾಗ ಅದ," ಅಂದಳು ಮೆಲ್ಲಗೆ. "ಸುಡಬೇಕಂತ ಮಾಡಿದ್ದೆ."

"ಸುಡಬ್ಯಾಡ. ಉಟಗೊಂಡು ಬಾ. ನಾ ಇನ್ನೂ ನೋಡಿಲ್ಲ ಅದನ್ನ."