ಬಾಣಂತಿ ಕೋಣೆಯ ಸೀಗಡಿಗಳು

ಪದ್ಮಶ್ರೀ ಚನ್ನುವನ್ನು ಮೊದಲ ಸಲ ನೋಡಿದಾಗ ಅವನ ಮುಖ ಕಾಣಲಿಲ್ಲ.

ಕಂಡಿದ್ದು ಎರಡು ಅಂಗಾಲು ಮತ್ತು ಮಾಸಿದ ಜೀನ್ಸ್ ಪ್ಯಾಂಟಿನ ಹಿಂಭಾಗ. ಉಳಿದ ಮನುಷ್ಯನೆಲ್ಲ ಅವಳ ಮೀನಿನ ತೊಟ್ಟಿಯ ಕೆಳಗಿನ ಕಪಾಟಿನೊಳಗಿದ್ದ.

ಯಲಹಂಕದ ತನ್ನ ಮನೆಯ ಹಾಲ್‌ನಲ್ಲಿ, ತನ್ನನ್ನು ಒಂದು ಮಾತೂ ಕೇಳದೆ, ತಿಂಗಳುಗಟ್ಟಲೆ ನಿದ್ದೆಗೆಟ್ಟು ಡಿಸೈನ್ ಮಾಡಿದ ಸಂಪಿನೊಳಗೆ ಯಾವನೋ ಮೂಗು ತೂರಿಸಿದ್ದಾನೆ...

"ಹಲೋ, ಯಾರ್ರೀ ಅದು?"

"ಸೀಗಡಿ ತಂದೀನ್ರಿ. ಗೊರಗುಂಟೆಪಾಳ್ಯದ ಚನ್ನು." ದನಿ ಕಪಾಟಿನೊಳಗಿಂದಲೇ ಬಂತು.

"ಸೀಗಡಿ ಕೊಟ್ಟು ಹೋಗೋಕೆ ತಲೆ ಒಳಗೆ ಹಾಕ್ಬೇಕಾ?"

"ಹೆಣ್ಣು ಕೊಡೋ ಮುಂದ ಮನಿ ನೋಡ್ತಾರಲ್ರಿ, ಹಂಗ."

ಅವನು ಹಿಂದಕ್ಕೆ ತೆವಳಿ ಹೊರಬಂದ. ಕಣ್ಣಲ್ಲಿ ಚೂರೂ ಸಂಕೋಚವಿಲ್ಲ. ಮೇಲಿನ ತೊಟ್ಟಿಯನ್ನು, ಅದರೊಳಗೆ ರಾಜಗಾಂಭೀರ್ಯದಿಂದ ತೇಲುತ್ತಿದ್ದ ಏಂಜಲ್ ಮೀನುಗಳನ್ನು ಒಮ್ಮೆ ನೋಡಿದ.

"ಚಂದ ಐತ್ರಿ."

ಪದ್ಮಶ್ರೀಯ ಮುಖ ಇನ್ನೇನು ಅರಳಬೇಕು...

"ಶೋರೂಮಿನ್ಯಾಗ ಇಡಾಕ."

ಹೇಳಬೇಕಲ್ಲ, ಇಲ್ಲಿ ಸಂಪ್ ಅಂದರೆ ಮನೆ ಮುಂದೆ ನೆಲದಡಿ ಇರುವ ನೀರಿನ ಸಂಪ್ ಅಲ್ಲ. ಮೀನಿನ ತೊಟ್ಟಿಯ ಕೆಳಗೆ, ಕಪಾಟಿನಲ್ಲಿ ಅಡಗಿರುವ ಇನ್ನೊಂದು ಗಾಜಿನ ಪೆಟ್ಟಿಗೆ. ಮೇಲಿನ ನೀರು ಇಳಿದು ಬಂದು ಮೊದಲ ಕೋಣೆಯಲ್ಲಿ ಕಸ ಕಳೆದುಕೊಳ್ಳುತ್ತದೆ. ನಡುವಿನ ಕೋಣೆಯಲ್ಲಿ ಒತ್ತಾಗಿ ಗಿಡಗಳು; ನೀರಿನ ಕೊಳೆಯೇ ಅವಕ್ಕೆ ಗೊಬ್ಬರ. ಕೊನೆಯ ಕೋಣೆಯ ಪಂಪು ಶುದ್ಧ ನೀರನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಗಿಡಗಳ ಆ ನಡುಕೋಣೆಗೆ ರೆಫ್ಯೂಜಿಯಂ ಅಂತ ಹೆಸರು. ದೊಡ್ಡ ಮೀನಿನ ಬಾಯಿಗೆ ಸಿಗದೆ ಸೀಗಡಿಗಳು ಅಲ್ಲಿ ಮರಿ ಮಾಡಿಕೊಂಡು ಹಾಯಾಗಿರಬಹುದು.

ಪದ್ಮಶ್ರೀಯ ಅಜ್ಜಿ ದ್ರೌಪದಮ್ಮನಿಗೆ ಆ ಹೆಸರು ಬಾಯಿಗೆ ಬರಲಿಲ್ಲ. "ಬಾಣಂತಿ ಕೋಣೆ ಅನ್ನಮ್ಮ, ಮುಗೀತು" ಅಂದಿದ್ದರು.

ಪದ್ಮಶ್ರೀಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು. ಅವಳಿಗೆ ಯಾವುದು ಉರಿಯುತ್ತಿರಲಿಲ್ಲ ಹೇಳಿ? ತೊಟ್ಟಿಯಲ್ಲಿ ಪ್ಲಾಸ್ಟಿಕ್ ಕೋಟೆ ಇಡುವವರು, ಬಾಯಿಂದ ಗುಳ್ಳೆ ಬಿಡುವ ತಲೆಬುರುಡೆ ಇಡುವವರು, ವಾಸ್ತುವಿಗೆ ಅಂತ ಮೀನು ಸಾಕುವವರು... ಎಲ್ಲರೂ ದಡ್ಡರು. ಎಲ್ಲರಿಗಿಂತ ದೊಡ್ಡ ದಡ್ಡ ಅಪ್ಪ ದಾಸಪ್ಪ. ಮನೆಯ ರಸ್ತೆ ಕಡೆಯ ಬಾಡಿಗೆ ಮಳಿಗೆ ಖಾಲಿಯಾದಾಗ, ಮೀನಿನ ತೊಟ್ಟಿ ಮಾಡಿಕೊಡುವ ಅಂಗಡಿ ಇಡುತ್ತೇನೆ ಅಂತ ಅವಳು ಕೇಳಿದ್ದಳು. ಅಪ್ಪ ನಕ್ಕಿದ್ದರು.

"ನಿನ್ ಮನೇಲಿರೋ ತೊಟ್ಟಿನೇ ಮೊದ್ಲು ನೆಟ್ಟಗೆ ನಡ್ಸು. ಯುಗಾದಿವರೆಗೂ ಒಂದು ಜೀವಾನೂ ಸಾಯ್ಬಾರ್ದು. ಸತ್ರೆ ಮಳಿಗೆ ಆನಂದಪ್ಪನ ಬೇಕರಿಗೆ."

ಹಾಗಾಗಿ ಈ ಸೀಗಡಿಗಳು ಬದುಕಬೇಕಿತ್ತು. ತರಿಸಿದ್ದು ಊರಲ್ಲೇ ಒಳ್ಳೆಯ ಸೀಗಡಿ ಬೆಳೆಸುವವನ ಹತ್ತಿರ. ಬಾಗಲಕೋಟೆ ಕಡೆಯವನು, ಯಶವಂತಪುರದಾಚೆ ಫ್ಯಾಕ್ಟರಿ ಕೆಲಸ, ಬಾಡಿಗೆ ರೂಮಿನ ಟೆರೇಸ್ ತುಂಬ ಸೀಗಡಿ ಅಂತ ಕೇಳಿದ್ದಳು. ಇಷ್ಟು ಸೊಕ್ಕಿದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

"ಬೇಗ ಬಿಟ್ಟು ಹೊರಡ್ತೀರಾ?" ಅಂದಳು.

"ಬೇಗ ಬಿಟ್ರ ಸಾಯ್ತಾವ."

ಅವನು ಸೀಗಡಿಯ ಬಕೆಟ್ ಇಟ್ಟು, ಸಣ್ಣ ಪೈಪಿಗೆ ಗಂಟು ಹಾಕಿ, ತೊಟ್ಟಿಯ ನೀರನ್ನು ಅದಕ್ಕೆ ಹನಿಹನಿಯಾಗಿ ಬಿಡತೊಡಗಿದ. ಹೊಸ ನೀರು ಒಗ್ಗಬೇಕಲ್ಲ. ಪದ್ಮಶ್ರೀ ಸರಿಯಾಗಿ ತಿರಸ್ಕಾರ ಮಾಡಲೆಂದೇ ಕೈಕಟ್ಟಿ ಎದುರು ಕುಳಿತಳು. ಅಜ್ಜಿ ಎರಡನೇ ಕಾಫಿ ತರುವ ಹೊತ್ತಿಗೆ ಅವಳು ನೋಡುತ್ತಿದ್ದದ್ದು ಅವನ ಬೆರಳುಗಳನ್ನು. ಒಂದು ಕೆಂಪು ಸೀಗಡಿ ಅವನ ಉಗುರಿನ ಮೇಲೆ ಹತ್ತಿ ನಿಂತಿತ್ತು. ಅದು ತಾನಾಗಿ ಇಳಿಯುವವರೆಗೆ ಅವನು ಕೈ ಅಲ್ಲಾಡಿಸಲಿಲ್ಲ.

ಇಷ್ಟು ಕೊಬ್ಬಿರುವವನ ಕೈಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು...

ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಹೊರಡುವಾಗ ಅವನು ಕೇಳಿದ. "ಇದರಾಗ ಏನ್ ಹಾಕಬೇಕು, ಏನ್ ಹಾಕಬಾರ್ದು ಅಂತ ಮನಿ ಮಂದಿಗೆ ಹೇಳೀರೇನು?"

"ನಮ್ಮನೆಯವ್ರಿಗಾ? ಹೇಳಿದ್ರೆ ಅರ್ಥ ಆಗೋ ತಲೆ ಇರ್ಬೇಕಲ್ಲ. ಯಾರೂ ಮುಟ್ಟಲ್ಲ ಬಿಡಿ."

ಅವನು ಚಪ್ಪಲಿ ಮೆಟ್ಟಿ ಹೋದ.

ಒಂದು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಗಿಡದ ಬುಡದಲ್ಲಿ ಒಂದು ಸೀಗಡಿ ಮಗುಚಿ ಬಿದ್ದಿತ್ತು. ಮರುದಿನ ಇನ್ನೆರಡು. ಮೇಲಿನ ಏಂಜಲ್ ಮೀನುಗಳಿಗೆ ಏನೂ ಆಗಿರಲಿಲ್ಲ.

"ಹೋದ್ವಾ?" ಅಪ್ಪ ಪೇಪರಿನಿಂದ ತಲೆಯೆತ್ತಲೂ ಇಲ್ಲ. "ಆನಂದಪ್ಪ ಓವನ್ ನೋಡ್ತಾವ್ನೆ. ಹೇಳ್ಲಾ ಅವ್ನಿಗೆ?"

"ಸ್ವಲ್ಪ ತಡೀರಿ ಅಪ್ಪ. ಇದು ನನ್ ತೊಟ್ಟಿ ತಪ್ಪಲ್ಲ, ಸೀಗಡಿದೇ ಏನೋ ಇರ್ಬೇಕು."

ಪದ್ಮಶ್ರೀ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಚನ್ನುವಿಗೆ ಫೋನ್ ಮಾಡಿದಳು.

"ರೋಗದ ಸೀಗಡಿ ಕೊಟ್ಟಿದೀರ."

"ನನ್ನ ಸೀಗಡಿಗೆ ರೋಗ ಇಲ್ಲ. ನಿಮ್ಮ ನೀರಿಗೇನರ ಆಗೈತಿ."

"ನನ್ನ ಡಿಸೈನ್‌ನಲ್ಲಿ ತಪ್ಪಿರೋಕೆ ಸಾಧ್ಯಾನೇ ಇಲ್ಲ."

"ಹೌದ್ರಿ, ದೇವ್ರು ಬಂದ್ರೂ ನಿಮ್ಮ ಹತ್ರ ಕಲ್ತು ಹೋಗಬೇಕು."

ಅವಳು ಫೋನ್ ಕುಕ್ಕಿದಳು. ಅದೇ ಸಿಟ್ಟಿನಲ್ಲಿ ಮೀನು ಸಾಕುವವರ ವಾಟ್ಸಾಪ್ ಗುಂಪಿನಲ್ಲಿ ಬರೆದಳು: 'ಗೊರಗುಂಟೆಪಾಳ್ಯದ ಚನ್ನು ಹತ್ರ ಯಾರೂ ಸೀಗಡಿ ತಗೋಬೇಡಿ. ರೋಗದ್ದು.'

ಸಂಜೆಯೊಳಗೆ ಸಂಜಯನಗರದವರು, ಹೆಬ್ಬಾಳದವರು, ಎಲ್ಲರೂ ಅವನಿಗೆ ಬೇಡ ಅಂದಿದ್ದರು. ಗುಂಪಿನಲ್ಲೇ ಕಾಣುತ್ತಿತ್ತು. ಅವಳಿಗೆ ಗೆದ್ದೆ ಅನ್ನಿಸಬೇಕಿತ್ತು. ಊಟ ಸೇರಲಿಲ್ಲ.

ಶನಿವಾರ ಅವನೇ ಫೋನ್ ಮಾಡಿದ. ಬೈಯುತ್ತಾನೆ ಅಂದುಕೊಂಡಳು.

"ಮೇಡಂ, ನಿಮ್ಮ ಸಂಪಿನ್ಯಾಗ ನೀರು ದಿನಕ್ಕ ಆರಿ ಎಷ್ಟು ಇಳೀತೈತಿ?"

"ಇಳಿಯೋದೇ ಇಲ್ಲ. ಗುರುತು ಹಾಕಿದ ಗೆರೆ ಹತ್ರಾನೇ ಇದೆ. ಮುಚ್ಚಳ ಆ ಥರ ಮಾಡ್ಸಿದೀನಿ."

"ಈ ಬ್ಯಾಸಿಗ್ಯಾಗ? ಫ್ಯಾನ್ ಗಾಳಿ ಕೆಳಗ? ನೀರು ಇಳ್ಯಾಂಗಿಲ್ಲ ಅಂದ್ರ ಮುಚ್ಚಳ ಛಲೋ ಐತಿ ಅಂತಲ್ಲ. ಯಾರೋ ನೀರು ಹಾಕಾಕತ್ತಾರ. ನಾಳೆ ಮುಂಜಾನಿ ಬಂದು ಕುಂತು ನೋಡ್ತೀನಿ."

"ನಮ್ಮನೇಲಾ?"

"ಮರ್ಯಾದಿ ಹೋಗಿದ್ದು ನಂದರೀ. ಬರ್ತೀನಿ."

ಬಂದೇಬಿಟ್ಟ. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹಾಲ್‌ನ ಮೂಲೆಯಲ್ಲಿ ಕುಳಿತ. ಅವಳ ಕಡೆ ನೋಡಲೂ ಇಲ್ಲ. ಪದ್ಮಶ್ರೀ ಅಡುಗೆಮನೆ ಬಾಗಿಲಿಗೆ ಒರಗಿ ಅವನ ಬೆನ್ನಿಗೆ ಕಣ್ಣಲ್ಲೇ ಚುಚ್ಚುತ್ತಿದ್ದಳು.

ಅಷ್ಟರಲ್ಲಿ ಅಜ್ಜಿ ದೇವರಕೋಣೆಯಿಂದ ಬಂದರು. ಕೈಯಲ್ಲಿ ಫಳಫಳ ಹೊಳೆಯುವ ತಾಮ್ರದ ಚೊಂಬು. ಕಪಾಟಿನ ಬಾಗಿಲು ತೆಗೆದು, ಮೊಣಕಾಲೂರಿ, ಗೆರೆ ಮುಟ್ಟುವ ತನಕ ನೀರು ಸುರಿದು, ಕಣ್ಮುಚ್ಚಿ ಕೈಮುಗಿದರು.

"ನನ್ ಮೊಮ್ಮಗಳಿಗೆ ಮಳಿಗೆ ಆಗ್ಲಿ ತಾಯಿ."

ತಾಮ್ರ. ಸೀಗಡಿಗೆ ತಾಮ್ರ ವಿಷ. ಮೀನು ತಡೆದುಕೊಂಡರೂ ಸೀಗಡಿ ತಡೆಯುವುದಿಲ್ಲ. ಅದು ಪದ್ಮಶ್ರೀಗೆ ನಿದ್ದೆಯಲ್ಲೂ ಗೊತ್ತಿದ್ದ ಸಂಗತಿ.

ಚನ್ನು ತಿರುಗಿ ಅವಳನ್ನು ನೋಡಿದ. ಈಗ ಕೂಗುತ್ತಾನೆ. ಅಜ್ಜಿಯ ಎದುರು, ಒಳಗಿರುವ ಅಪ್ಪನಿಗೂ ಕೇಳುವಂತೆ, ಗೆದ್ದೆ ಅಂತ ಕೂಗುತ್ತಾನೆ...

ಅವನು ಕುರ್ಚಿಯಿಂದೆದ್ದು ಅಜ್ಜಿಯ ಪಕ್ಕ ನೆಲದಲ್ಲಿ ಕುಳಿತ.

"ದಿನಾ ಹಾಕ್ತೀರೇನಜ್ಜಿ?"

"ಊಂ ಕಣಪ್ಪ. ನಲ್ಲಿ ನೀರಲ್ಲಿ ಏನ್ ಸತ್ವ ಐತೆ? ಉಣಸೆಣ್ಣು ಆಕಿ ಉಜ್ಜಿ, ರಾತ್ರಿಯೆಲ್ಲ ತಾಮ್ರದಲ್ಲಿಟ್ಟಿರೋ ನೀರು."

"ನೀರು ಛಲೋನ ಐತ್ರಿ, ನಮಗ. ಆದ್ರ ಇದು ಬಾಣಂತಿ ಕ್ವಾಣಿ ಅಲ್ರಿ? ಬಾಣಂತ್ಯಾರಿಗೆ, ಕೂಸಿಗೆ ತಾಮ್ರ ಭಾಳ ಉಷ್ಣ ಆಗ್ತೈತಿ. ಸ್ಟೀಲ್ ಬಿಂದಿಗ್ಯಾಗಿಂದು ಹಾಕ್ರಿ, ತಂಪಿರ್ತೈತಿ."

"ಔದಾ... ಬಾಣಂತೀರಿಗೆ ಉಷ್ಣ ಆಗ್ದಿರ್ತದಾ ಮತ್ತೆ." ಅಜ್ಜಿ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೊಮ್ಮಗಳ ಕಡೆ ತಿರುಗಿದರು. "ಒಂದ್ ಮಾತು ನಂಗೆ ಏಳ್ಬಾರ್ದಿತ್ತಾ ಮಗ?"

ಒಂದೇ ಒಂದು ಮಾತು. ಅದನ್ನು ಆಡಲು ಪದ್ಮಶ್ರೀಗೆ ಪುರುಸೊತ್ತಿರಲಿಲ್ಲವೆಂದಲ್ಲ. ಆ ಮಾತಿಗೆ ಈ ಮನೆಯಲ್ಲಿ ಯಾರೂ ಯೋಗ್ಯರಲ್ಲ ಅಂದುಕೊಂಡಿದ್ದಳು.

"ಏನಿದು ಸಭೆ?" ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. "ಇವತ್ತೂ ಸತ್ವಾ? ಯಾರ್ ಮಾಡಿದ್ದು, ಈ ಹುಡುಗಾನಾ?"

ಅಜ್ಜಿಯ ಮುಖ ಸಣ್ಣದಾಯಿತು. ಚನ್ನು ಅಜ್ಜಿಯ ಕಡೆ ಬೆರಳು ತೋರಿಸಲಿಲ್ಲ. ಪದ್ಮಶ್ರೀ ಹೂಂ ಅಂದರೆ ಸಾಕಿತ್ತು. ರೋಗದ ಸೀಗಡಿ ಅಂತ ಅಪ್ಪನನ್ನು ನಂಬಿಸಿ, ಇನ್ನೊಂದು ಅವಕಾಶ ಕೇಳಿ, ಮಳಿಗೆ ಉಳಿಸಿಕೊಳ್ಳಬಹುದಿತ್ತು.

"ಇಲ್ಲ ಅಪ್ಪ. ಇವ್ರ ಸೀಗಡಿ ಚೆನ್ನಾಗೇ ಇದ್ವು. ನಾನು ಸಾಯಿಸ್ದೆ."

"ಅಂದ್ರೆ ಮಳಿಗೆ?"

"ಆನಂದಪ್ಪನವ್ರಿಗೆ ಕೊಟ್ಬಿಡಿ."

ಚನ್ನು ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ತಿರಸ್ಕಾರವಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಇರಲಿಲ್ಲ. ಅದಕ್ಕೇ ಅವಳು ರೂಮಿಗೆ ಓಡಿದಳು.

ಅಂದೇ ಗುಂಪಿನಲ್ಲಿ ಬರೆದಳು: 'ಚನ್ನು ಸೀಗಡಿಗೆ ರೋಗ ಇರಲಿಲ್ಲ. ತಪ್ಪು ನನ್ನದು, ನನ್ನ ಮನೆಯದು. ಗೊತ್ತಿಲ್ಲದೆ ಬಾಯಿಗೆ ಬಂದಂತೆ ಬರೆದೆ. ಕ್ಷಮಿಸಿ.'

ಅವನು ಓದಿದ. ಏನೂ ಬರೆಯಲಿಲ್ಲ.

ಯುಗಾದಿ ಬಂತು, ಹೋಯಿತು. ಮಳಿಗೆಯಲ್ಲಿ ಬೇಕರಿ ಬಂತು. ಎಗ್ ಪಫ್ಸ್ ವಾಸನೆ ಹಾಲ್‌ವರೆಗೂ ಬಂದು ಅವಳನ್ನು ಅಣಕಿಸುತ್ತಿತ್ತು. ಸೀಗಡಿಗಳು ಮಾತ್ರ ಈಗ ಸಾಯುತ್ತಿರಲಿಲ್ಲ. ಚನ್ನುವಿಗೆ ಹೇಳಬೇಕು ಅಂತ ದಿನಾ ಫೋನ್ ಎತ್ತುತ್ತಿದ್ದಳು. ದಿನಾ ಇಡುತ್ತಿದ್ದಳು. ಯಾವ ಮುಖ ಇಟ್ಟುಕೊಂಡು?

ಆಗ ಗುಂಪಿನಲ್ಲಿ ಒಂದು ಫೋಟೋ ಬಂತು. ಚನ್ನುವಿನದು. 'ನಾನೂ ಒಂದು ಸಂಪ್ ಮಾಡೀನಿ.'

ಪದ್ಮಶ್ರೀ ಫೋಟೋ ದೊಡ್ಡದು ಮಾಡಿ ನೋಡಿದಳು. ನೋಡಿ ತಲೆ ಕೆಟ್ಟಿತು. ಗಿಡದ ಕೋಣೆಗೂ ಪಂಪಿನ ಕೋಣೆಗೂ ನಡುವೆ, ನೀರು ದಾಟಲು ದಾರಿಯೇ ಇಲ್ಲದಂತೆ, ಮೇಲಿನವರೆಗೂ ಗಾಜು ನಿಲ್ಲಿಸಿದ್ದಾನೆ. ಪಂಪ್ ಒಣಗಿ ಸುಟ್ಟುಹೋಗುತ್ತದೆ. ಕೆಳಗೆ ದಡ್ಡ ಶಿಖಾಮಣಿಗಳೆಲ್ಲ 'ಸೂಪರ್ ಮಚ್ಚಾ', 'ಬೆಂಕಿ ಗುರು' ಅಂತ ಹೊಗಳುತ್ತಿದ್ದಾರೆ.

ಮೂರು ಸಲ ಬೈಗುಳ ಟೈಪ್ ಮಾಡಿ ಅಳಿಸಿದಳು. ಕೊನೆಗೆ ಸ್ಕೂಟರ್ ಕೀ ತೆಗೆದುಕೊಂಡಳು.

ಗೊರಗುಂಟೆಪಾಳ್ಯದ ಸಿಗ್ನಲ್, ಲಾರಿಗಳ ಹೊಗೆ, ಆಮೇಲೆ ಕತ್ತಲೆಯ ಮೆಟ್ಟಿಲು. ಟೆರೇಸ್ ತಲುಪುವ ಹೊತ್ತಿಗೆ ಏದುಸಿರು. ಚನ್ನು ಲುಂಗಿ ಎತ್ತಿ ಕಟ್ಟಿ ಗಿಡ ಕತ್ತರಿಸುತ್ತಿದ್ದ.

"ಇದೇನ್ರೀ ಇದು? ಮಾನ ಮರ್ಯಾದೆ ಇದ್ಯಾ? ಈ ಗಾಜು ಹೀಗಿಟ್ರೆ ಪಂಪಿಗೆ ನೀರು ಎಲ್ಲಿಂದ ಬರತ್ತೆ, ನಿಮ್ಮೂರಿಂದಾ?"

ಅನ್ನುತ್ತಲೇ ಗಾಜಿಗೆ ಕೈ ಹಾಕಿದಳು. ಅದು ಸಲೀಸಾಗಿ ಕೈಗೆ ಬಂತು. ಅಂಟು ಹಾಕಿರಲಿಲ್ಲ. ಅಂಚಿಗೆ ಎರಡು ತುಂಡು ಸೆಲ್ಲೋಟೇಪ್, ಅಷ್ಟೇ.

ಅವಳು ಟೇಪನ್ನು ನೋಡಿದಳು. ಅವನನ್ನು ನೋಡಿದಳು.

"ಅಂದ್ರೆ... ತಪ್ಪು ಅಂತ ಗೊತ್ತಿತ್ತಾ?"

"ಗೊತ್ತಿತ್ತು." ಅವನು ಕತ್ತರಿ ಕೆಳಗಿಟ್ಟ. "ನಿಮ್ಮನ್ನ ಹೆಂಗ ಕರೀಬೇಕು ಅಂತ ಭಾಳ ವಿಚಾರ ಮಾಡಿದೆ. ಚಂದ ಕರದ್ರ ನೀವು ಬರಾಂಗಿಲ್ಲ. ತಪ್ಪು ಕಂಡ್ರ ಓಡಿ ಬರ್ತೀರಿ."

ಗಂಟಲಿಗೆ ಬಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಕಣ್ಣು ಮಾತ್ರ ತುಂಬಿತು.

"ನಾನು ಅಷ್ಟೆಲ್ಲ ಬರೆದೆ ನಿಮ್ಮ ಬಗ್ಗೆ."

"ಬರದ್ರಿ. ಆಮ್ಯಾಲ ನಿಮ್ಮಪ್ಪನ ಮುಂದ ಒಂದು ಮಾತು ಆಡಿದ್ರಲ್ಲ, ಅದಕ್ಕ ಅಂಗಡಿನ ಹೋತು. ಅವತ್ತಿಂದ ನನಗ ನಿದ್ದಿ ಬರವಲ್ದು."

"ನಂಗೆ ಸೊಕ್ಕು ಜಾಸ್ತಿ ಕಣ್ರೀ. ಹೋಗೋದೂ ಇಲ್ಲ."

"ನನಗೇನು ಕಡಿಮಿ ಐತೇನು?"

ಅವಳು ನಕ್ಕಳು. ಅಳುತ್ತಲೇ ನಕ್ಕಳು. ಕೆಳಗೆ ತುಮಕೂರು ರಸ್ತೆ ಹಾರ್ನ್ ಹೊಡೆಯುತ್ತಿತ್ತು.

"ಇಷ್ಟ ಅಂತ ನೆಟ್ಟಗೆ ಹೇಳೋಕೆ ಬರಲ್ವಾ ನಿಮಗೆ?"

"ನೀವು ಹೇಳ್ರಿ ನೋಡೂಣು, ನಿಮಗ ಬರ್ತೈತೇನು?"

ಅವಳಿಗೂ ಬರಲಿಲ್ಲ. ಕೈಯಲ್ಲಿದ್ದ ಗಾಜಿನ ಅಂಚಿನ ಟೇಪನ್ನು ಕಿತ್ತಳು.

"ದಿನಾ ಬಂದು ಬೈದು ಹೋಗ್ತೀನಿ. ಸಾಕಾ?"

"ಸಾಕು."

"ಆದ್ರೆ ದಿನಾ ಈ ಟ್ರಾಫಿಕ್‌ನಲ್ಲಿ ಯಾರು ಹೋಗಿ ಬಂದು ಮಾಡ್ತಾರೆ..."

ಚನ್ನು ಅವಳ ಕೈಯಿಂದ ಒದ್ದೆ ಗಾಜನ್ನು ತೆಗೆದು ಪಕ್ಕಕ್ಕಿಟ್ಟ. ಕೈಯನ್ನು ಮಾತ್ರ ಬಿಡಲಿಲ್ಲ.

"ಹಂಗಾರ ಹೋಗಬ್ಯಾಡ್ರಿ."