ಬರೆಯೋ, ಮರೆಯೋ

"ಆ ಎರಡನೇ ಸಾಲು ಸರಿಯಿಲ್ಲ."

ಟೀ ಬಿಡುವಿನಲ್ಲಿ ಶೆಡ್ಡಿನ ಹಿಂದಿನ ನಲ್ಲಿಗೆ ಕೈ ಒಡ್ಡಿದ್ದವನು ತಿರುಗಿ ನೋಡಿದ. ಎದುರು ಸಾಲಿನ ಮಗ್ಗಗಳಿಗೆ ಹೊಸದಾಗಿ ಬಂದಿದ್ದ ಹುಡುಗಿ. ಲೋಟ ಹಿಡಿದು, ಅವನನ್ನಲ್ಲ, ನಲ್ಲಿಯನ್ನು ನೋಡುತ್ತ ನಿಂತಿದ್ದಳು.

"ಯಾವ ಸಾಲು?"

"'ನೋಟ ಹಾಕೋಕೆ ಯಾಕೆ ಲೆಕ್ಕ ಹಾಕ್ತೀ' ಅಂತ. ಹಾಕೋಕೆ, ಹಾಕ್ತೀ. ಒಂದೇ ಸಾಲಲ್ಲಿ ಎರಡು ಸಲ ಹಾಕಿದ್ದೀರ. ಮತ್ತೆ ಇನ್ನೊಂದು, ನಿಮ್ಮ ಹಾಡಲ್ಲಿರೋ ಹಾಗೆ ನಾನೇನು ಗಂಟುಮೋರೆಯವಳಲ್ಲ. ಎಳೆ ಹರಿದಾಗ ಮುಖ ಹಾಗಾಗುತ್ತೆ, ಅಷ್ಟೇ."

ಅವನ ಕೈಯಿಂದ ಸೋಪು ಜಾರಿ ಮೋರಿಗೆ ಬಿತ್ತು.

ಆ ಹಾಡು ಅವನ ಬಾಯಿಗೂ ಮಗ್ಗಗಳ ಗದ್ದಲಕ್ಕೂ ನಡುವಿನ ಗುಟ್ಟಾಗಿತ್ತು. ಶೆಡ್ಡಿನಲ್ಲಿ ಮಗ್ಗಗಳು ಓಡುವಾಗ ಪಕ್ಕದವನು ಕಿರುಚಿದರೂ ಕೇಳಿಸುವುದಿಲ್ಲ. ಅದನ್ನೇ ನಂಬಿಕೊಂಡು ಅವನು ದಿನವಿಡೀ ಗಂಟಲು ಬಿಚ್ಚಿ ಹಾಡುತ್ತಿದ್ದ. ತಾನೇ ಕಟ್ಟಿದ ಹಾಡು, ತನ್ನದೇ ರಾಗ. ಸದಾ ಬಾಯಿ ಆಡಿಸುತ್ತಿದ್ದವನನ್ನು ಕಂಡು ಉಳಿದವರು ಇವನು ಹೊತ್ತುಗೊತ್ತಿಲ್ಲದೆ ಗೊಣಗುತ್ತಾನೆ ಅಂದುಕೊಂಡು 'ಗೊಣಗಪ್ಪ' ಎಂದು ಹೆಸರಿಟ್ಟಿದ್ದರು. ಅದೂ ಪೂರ್ತಿ ಸುಳ್ಳಲ್ಲ. ಹಾಡದಿರುವಾಗ ಅವನು ಗೊಣಗುತ್ತಲೇ ಇದ್ದ.

"ನಿಮಗೆ ಹೇಗೆ ಕೇಳಿಸ್ತು?"

"ಕೇಳಿಸಲಿಲ್ಲ, ಕಾಣಿಸ್ತು. ಅಮ್ಮನ ಜೊತೆ ಮಗ್ಗದ ಶೆಡ್ಡಲ್ಲೇ ಬೆಳೆದೋಳು ನಾನು. ಅಲ್ಲಿ ಮಾತಾಡೋಕೆ ಬಾಯಿ ನೋಡಬೇಕು, ಕಿವಿ ಇದ್ದೂ ಉಪಯೋಗ ಇಲ್ಲ." ಲೋಟ ತೊಳೆದು ನೀರು ಝಾಡಿಸಿದಳು. ನಾಲ್ಕು ಹನಿ ಅವನ ಮುಖದ ಮೇಲೆ ಬಿದ್ದವು. ಬೇಕೆಂದೇ ಮಾಡಿದಳೋ ಏನೋ. "ನಿಮ್ಮ ಹಾಡಿನ ಮಾತೆಲ್ಲ ನನಗೆ ಬಾಯಿಪಾಠ. ರಾಗ ಮಾತ್ರ ಗೊತ್ತಿಲ್ಲ."

ಹೋಗುವಾಗ ಒಮ್ಮೆ ತಿರುಗಿದಳು. ಮುಖದಲ್ಲಿ ಗಂಟಿರಲಿಲ್ಲ. ತುಟಿಯ ಒಂದು ತುದಿ ಮಾತ್ರ, ಎಳೆ ಜಗ್ಗಿದ ಹಾಗೆ, ಮೇಲಕ್ಕೆ ಎದ್ದಿತ್ತು.

ಆ ಮಧ್ಯಾಹ್ನವೆಲ್ಲ ಅವನು ಬಾಯಿ ಬಿಡಲಿಲ್ಲ.

"ಗೊಣಗಪ್ಪಂಗೆ ಹುಷಾರಿಲ್ವೇನ್ರೋ?" ಎಂದು ಶೆಡ್ಡಿನ ಹಿರಿಯ ತಾತ ಎಲ್ಲರನ್ನೂ ಕೇಳಿಕೊಂಡು ಬಂದ.

ರಾಗ ಗೊತ್ತಿಲ್ಲವಂತೆ. ಮನೆಗೆ ನಡೆಯುವಾಗ ಅವನಿಗೆ ಮೈಯೆಲ್ಲ ಉರಿಯಿತು. ಅವಳಿಗೇನು, ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ! ಶೆಡ್ಡಿನಲ್ಲಿ ಹಾಡಿದರೆ ತನ್ನ ದನಿ ತನಗೇ ಕೇಳಿಸದು. ಮನೆಯೆಂದರೆ ಅಣ್ಣ ಅತ್ತಿಗೆಯ ಒಂದೂವರೆ ಕೋಣೆ, ಆ ಅರ್ಧ ಇವನದು. ಅಲ್ಲಿ 'ಹ್ಞೂಂ' ಎಂದು ಶುರು ಮಾಡಿದರೆ ಸಾಕು, ಅತ್ತಿಗೆ ತುಟಿಯ ಮೇಲೆ ಬೆರಳಿಡುತ್ತಾಳೆ, "ಮಗು ಈಗ ತಾನೇ ಮಲಗಿದೆ ಕಣೋ." ಆ ಮಗು ಯಾವಾಗ ನೋಡಿದರೂ ಈಗ ತಾನೇ ಮಲಗಿರುತ್ತದೆ. ಜಾಗ ಸಿಕ್ಕಿದಾಗ ಹೊತ್ತಿಲ್ಲ, ಹೊತ್ತು ಸಿಕ್ಕಿದಾಗ ಜಾಗವಿಲ್ಲ, ಎರಡೂ ಸಿಕ್ಕ ದಿನ ಮೈಯಲ್ಲಿ ಹಾಡುವಷ್ಟು ಉಸಿರು ಉಳಿದಿರುವುದಿಲ್ಲ.

"ಟೈಮ್‌ಪಾಸ್‌ಗೆ ಏನೋ ಒಂದು ಮಾಡ್ತಾನೆ ಬಿಡೆ," ಎಂದ ಅಣ್ಣ ಊಟಕ್ಕೆ ಕೂತು.

"ಪಾಸ್ ಮಾಡೋಕೆ ಟೈಮ್ ಎಲ್ಲಿದೆ ಅಣ್ಣ? ಟೈಮ್ ಇದ್ದೋರು ಮಾಡೋದು ಟೈಮ್‌ಪಾಸ್. ನಾನು ಕದ್ದು ಮಾಡ್ತಿದ್ದೀನಿ!"

"ಮೆಲ್ಲಗೆ ಮಾತಾಡೋ, ಮಗು ಏಳುತ್ತೆ," ಎಂದಳು ಅತ್ತಿಗೆ.

ತಟ್ಟೆ ಬಿಟ್ಟು ಎದ್ದ.

ಮರುದಿನ ಶೆಡ್ಡಿನ ಗೇಟಿನ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದರು. ಸ್ವಂತವಾಗಿ ಹಾಡು ಕಟ್ಟಿ ಹಾಡುವವರಿಗೆ ಭಾನುವಾರ ಸಂಜೆ, ಬೀದಿ ಕೊನೆಯ ಸಭೆಯ ಹಾಲ್‌ನಲ್ಲಿ ಅವಕಾಶ. ಅವನು ಹೆಸರು ಕೊಟ್ಟು ಬಂದ. ಕೊಟ್ಟ ಮೇಲೆ ಅವಳಿಗೆ ಹೇಳಿದ.

"ಬರ್ತೀರಾ?"

"ನೋಡೋಣ. ನನಗೆ ಬೇಕಾದ ಹಾಡು ಹಾಡೋದಾದ್ರೆ."

"ಯಾವುದು ಬೇಕು?"

"ಗಂಟುಮೋರೆ ಇಲ್ಲದ್ದು."

ಅವಳಿಗಾಗಿಯೇ ಹೊಸ ಚರಣ ಕಟ್ಟಿದ. ಹಲ್ಲುಜ್ಜುವಾಗ ಅರ್ಧ ಸಾಲು, ಲಾಳಿ ಬದಲಿಸುವಾಗ ಒಂದು ಮಾತು, ಬಸ್ಸಿನಲ್ಲಿ ಯಾರದೋ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದಾಗ ಇನ್ನೊಂದು ಮಾತು. ಹೀಗೆ ತುಂಡು ತುಂಡು ಹೊತ್ತನ್ನು ಗಂಟು ಹಾಕಿ ಹಾಕಿ ಶುಕ್ರವಾರಕ್ಕೆ ಮುಗಿಸಿದ. ಮಗ್ಗಗಳು ಓಡುತ್ತಿದ್ದಾಗ, ಎದುರು ಸಾಲಿನತ್ತ ತಿರುಗಿ, ಅವಳ ಕಣ್ಣಿಗೆ ಕಣ್ಣು ಕೊಟ್ಟು ಹಾಡಿದ.

ಅವಳು ನೋಡುತ್ತಲೇ ಇದ್ದಳು. ಮೊದಲು ಅವನ ಕಣ್ಣು, ಆಮೇಲೆ ತುಟಿ. ಕೆನ್ನೆ ಮೆಲ್ಲಗೆ ಕೆಂಪೇರಿತು. ಕೈಯಲ್ಲಿದ್ದ ಎಳೆಯನ್ನು ಮರೆತಳು. ಕೊನೆಯ ಸಾಲು ಬಂತು. ಅವಳ ಮುಖ ತಟ್ಟನೆ ಬಾಡಿತು. ತಿರುಗಿ ನಿಂತು ಮಗ್ಗದ ಮೇಲೆ ಬಾಗಿದಳು.

ಟೀಗೆ ಅವಳು ನಲ್ಲಿಯ ಕಡೆ ಬರಲಿಲ್ಲ. ಶನಿವಾರವೂ ಇಲ್ಲ. ಆಯಿತಲ್ಲ, ಉತ್ತರ ಸಿಕ್ಕಿತು, ಎಂದು ಅವನು ಹಲ್ಲು ಕಚ್ಚಿಕೊಂಡ. ಅದೇ ಸಂಜೆ ಸೂಪರ್‌ವೈಸರ್ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತ. ಹೊತ್ತಿನ ಬಗ್ಗೆ ಬಿಟ್ಟು ಬೇರೆ ಮಾತೇ ಆಡದ ಅವನಿಗೆ ಎಲ್ಲರೂ 'ಅಲಾರಂ' ಎನ್ನುತ್ತಿದ್ದರು.

"ನಾಳೆ ಎಲ್ಲರಿಗೂ ಓವರ್‌ಟೈಮ್. ಅರ್ಜೆಂಟ್ ಆರ್ಡರ್."

"ಸರ್, ನಾಳೆ ನಂಗೊಂದು ಕೆಲಸ..."

"ಇದಕ್ಕಿಂತ ದೊಡ್ಡ ಕೆಲಸವಾ? ನಾಳೆ ಬರದಿದ್ರೆ ಸೋಮವಾರಾನೂ ಬರಬೇಡ."

ಭಾನುವಾರ ಅವನು ಮಗ್ಗದ ಮುಂದೆ ನಿಂತಿದ್ದ. ಹಾಡಲಿಲ್ಲ, ಗೊಣಗಲೂ ಇಲ್ಲ. ಸಂಜೆಯಾಗುತ್ತ ಬಂತು. ಹಾಲ್‌ನಲ್ಲಿ ಈಗ ಕುರ್ಚಿ ಹಾಕುತ್ತಿರಬಹುದು, ಯಾರೋ ಮೈಕಿಗೆ 'ಹಲೋ ಹಲೋ' ಅನ್ನುತ್ತಿರಬಹುದು. ತನ್ನ ಹೆಸರು ಕರೆದು, ಯಾರೂ ಏಳದೆ, ಮುಂದಿನ ಹೆಸರಿಗೆ ಹೋಗುತ್ತಾರೆ. ಅಷ್ಟೇ. ಇಷ್ಟು ವರ್ಷದ ಹಾಡಿಗೆ ಅಷ್ಟೇ ಬೆಲೆ. ಬಿಟ್ಟುಬಿಡಬೇಕು ಈ ಹಾಳು ಹುಚ್ಚನ್ನು, ಇವತ್ತಿಗೆ ಮುಗಿಯಿತು, ಅಂದುಕೊಂಡ.

ಯಾರೋ ಭುಜ ಮುಟ್ಟಿದರು. ಅವಳು. ಬಾಗಿಲತ್ತ ಕೈ ತೋರಿಸಿದಳು, ಅವನ ಮಗ್ಗವನ್ನು ತೋರಿಸಿ ತನ್ನ ಎದೆ ತಟ್ಟಿಕೊಂಡಳು. ನೀವು ಹೋಗಿ, ನಾನು ನೋಡಿಕೊಳ್ಳುತ್ತೇನೆ. ಅಷ್ಟು ಅರ್ಥವಾಯಿತು. ಆಮೇಲೆ ಕಣ್ಣು ತುಂಬಿಕೊಂಡು ಏನೋ ಉದ್ದಕ್ಕೆ ಹೇಳಿದಳು. ತುಟಿಗಳು ಆಡಿದವು, ಮಗ್ಗಗಳು ಒಂದಕ್ಷರವನ್ನೂ ಬಿಡದೆ ನುಂಗಿದವು.

"ಏನು?" ಎಂದು ಕಿರುಚಿದ.

ಮತ್ತೆ ಹೇಳಿದಳು. ಮತ್ತೆ ಗದ್ದಲ.

ಅವನಿಗೆ ತಲೆ ಕೆಟ್ಟುಹೋಯಿತು. ಈ ಶೆಡ್ಡು ಅವನ ಹಗಲು ತಿಂದಿತ್ತು, ಉಸಿರು ತಿಂದಿತ್ತು, ಹಾಡು ತಿಂದಿತ್ತು. ಈಗ ಅವಳ ಮಾತನ್ನೂ ತಿನ್ನುವುದೇ? ಸಾಲು ದಾಟಿ, ಗೋಡೆಯ ಹತ್ತಿರ ಹೋಗಿ, ಮೇನ್ ಸ್ವಿಚ್ ಹಿಡಿದು ಕೆಳಕ್ಕೆ ಎಳೆದ.

ಮಗ್ಗಗಳು ಒಂದರ ಹಿಂದೊಂದು ಮುಗ್ಗರಿಸಿ ನಿಂತವು. ಆ ಮೌನಕ್ಕೆ ಕಿವಿ ಗುಂಯ್ಯೆಂದಿತು. ಎಲ್ಲರೂ ತಿರುಗಿ ನೋಡಿದರು.

"ಈಗ ಹೇಳ್ರೀ," ಎಂದ. ತನ್ನ ದನಿ ಅಷ್ಟು ದೊಡ್ಡದೆಂದು ಅವನಿಗೆ ಗೊತ್ತಿರಲಿಲ್ಲ.

ಅವಳು ಸುತ್ತ ನೋಡಿದಳು. ಇಡೀ ಶೆಡ್ಡು ಕಿವಿಯಾಗಿತ್ತು. ಆದರೂ ಹೇಳಿದಳು.

"ಹೋಗಿ ಹಾಡಿ ಬನ್ನಿ, ಆದ್ರೆ ಆ ಕೊನೇ ಸಾಲು ಹಾಡಬೇಡಿ ಅಂದೆ. 'ನನ್ನ ಹೆಸರ ಮರೆ' ಅಂತ ಹೇಳೋಕೆ ಅಷ್ಟುದ್ದದ ಹಾಡು ಯಾಕೆ? ಒಂದು ಮಾತಲ್ಲಿ ಬೇಡ ಅಂದಿದ್ರೆ ಆಗ್ತಿರಲಿಲ್ವಾ?"

ಅವನು ಕಣ್ಣು ಕಣ್ಣು ಬಿಟ್ಟ. "ಮರೆ ಅಂತ ಯಾರು ಹೇಳಿದ್ರು?"

"ನೀವೇ! ನಾನು ನೋಡಿದೆ. ತುಟಿ ಮುಚ್ಚಿ ತೆರೀತು."

"ಮ ಅಂದ್ರೂ ಮುಚ್ಚುತ್ತೆ, ಬ ಅಂದ್ರೂ ಮುಚ್ಚುತ್ತೆ! ಅದು ಮರೆ ಅಲ್ಲ ಕಣ್ರೀ, ಬರೆ! ಬರೆ!"

ಅವಳ ಕೈ ತನ್ನ ತುಟಿಗೆ ಹೋಯಿತು. ಸದ್ದಿಲ್ಲದೆ ಒಮ್ಮೆ ಅದು, ಒಮ್ಮೆ ಇದು ಹೇಳಿ ನೋಡಿಕೊಂಡಳು. ಆಮೇಲೆ ತಲೆ ಎತ್ತದೆ, "ನಂಬೋದು ಹೇಗೆ? ಹಾಡಿ ತೋರಿಸಿ," ಎಂದಳು.

ಅವನು ಹಾಡಿದ.

*ಹರಿದ ಹೊತ್ತು, ತುಂಡು ಹೊತ್ತು, ಇಷ್ಟೇ ನನ್ನ ಹೊರೆ,*
*ಗಂಟು ಹಾಕಿ ನೇಯ್ದ ಮೇಲೆ ನನ್ನ ಹೆಸರ ಬರೆ.*

ಶುರು ಮಾಡಿದ್ದು ತೀರಾ ಮೇಲಾಯಿತು. ನಡುವೆ ದನಿ ಒಡೆಯಿತು. ಗದ್ದಲದ ಮೇಲೆ ಕೂಗಿ ಕೂಗಿ ಗಂಟಲು ಒರಟಾಗಿತ್ತು, ಅದು ಇವತ್ತೇ ಗೊತ್ತಾಗಿದ್ದು. ಹಾಗೇ ಹಾಡಿದ. ತನ್ನ ರಾಗವನ್ನು ಅವನೂ ಮೊದಲ ಸಲ ಕೇಳಿಸಿಕೊಳ್ಳುತ್ತಿದ್ದ. ಅವಳು ಈ ಸಲ ಅವನ ತುಟಿ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದಳು.

ಅಲಾರಂ ಆಫೀಸಿನಿಂದ ಓಡಿ ಬಂದ. "ಏನಾಯ್ತು? ಮಗ್ಗ ಯಾಕೆ ನಿಂತವು?"

ಎಲ್ಲರೂ ತಮ್ಮ ತಮ್ಮ ಮಗ್ಗದತ್ತ ಬಾಗಿದರು.

"ಕರೆಂಟ್ ಹೋಯ್ತು," ಎಂದಳು ಅವಳು, ಮುಖ ಗಂಟು ಹಾಕಿಕೊಂಡು.

"ನನ್ನ ಫ್ಯಾನ್ ತಿರುಗ್ತಾನೇ ಇತ್ತಲ್ಲ!"

"ಅದು ಆಫೀಸಿನ ಕರೆಂಟು ಸಾರ್, ಅದರ ದೌಲತ್ತೇ ಬೇರೆ," ಎಂದು ತಾತ ಎದ್ದು ಹೋಗಿ ಸ್ವಿಚ್ ಮೇಲೆತ್ತಿದ. "ನೋಡಿ, ಬಂತು."

ಮಗ್ಗಗಳು ಮತ್ತೆ ಗದ್ದಲಕ್ಕೆ ಬಿದ್ದವು. ಹಾಲ್‌ಗೆ ಹೋಗುವ ಹೊತ್ತು ಮೀರಿತ್ತು. ಆ ಸಿಟ್ಟು ಅವನ ಎದೆಯಲ್ಲಿ ಹಾಗೇ ಕೂತಿತ್ತು.

ಕೆಲಸ ಬಿಟ್ಟಾಗ ಅವಳ ಮಗ್ಗದ ಪಕ್ಕ ಹಾದು ಹೋಗುತ್ತಿದ್ದವನು ನಿಂತ. ಆಗ ತಾನೇ ಇಳಿಸಿದ ಬಟ್ಟೆಯ ಅಂಚಿನಲ್ಲಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ, ದುಂಡಗೆ ಬರೆದಿತ್ತು: ಗೊಣಗಪ್ಪ.

"ಇದಾ ನನ್ನ ಹೆಸರು?"

"ಬರೆ ಅಂದ್ರಿ, ಬರೆದೆ. ಯಾವ ಹೆಸರು ಅಂತ ಹಾಡಲ್ಲಿ ಹೇಳಿರಲಿಲ್ಲ." ಕೈಯ ಸುಣ್ಣ ಕೊಡವಿಕೊಂಡಳು. "ಹಾಲ್‌ನಲ್ಲಿ ಹಾಡಿನ ಸಂಜೆ ಮುಂದಿನ ತಿಂಗಳೂ ಮಾಡ್ತಾರಂತೆ."

"ಆವತ್ತೂ ಓವರ್‌ಟೈಮ್ ಹಾಕ್ತಾನೆ ಆ ಅಲಾರಂ."

ಅವಳು ಗೋಡೆಯ ಸ್ವಿಚ್ಚಿನತ್ತ ನೋಡಿದಳು, ಆಮೇಲೆ ಅವನತ್ತ. ತುಟಿಯ ತುದಿ ಮೇಲೆದ್ದಿತು.

"ಹಾಕ್ಲಿ ಬಿಡು. ನೀನು ಹಾಡು ಕಟ್ಟು. ಕರೆಂಟ್ ಹೋಗೋದು ನಾನು ನೋಡ್ಕೋತೀನಿ."