ನಾಲ್ಕು ಮುಖದ ಮೃಗದ ಹಿಂಗಾಲು

ಪಿಸ್ತೂಲಿನ ಮೂತಿ ನನ್ನ ಪಕ್ಕೆಗೆ ಒತ್ತಿತು.

ತಿರುಗಿ ನೋಡುವ ಹಾಗಿರಲಿಲ್ಲ. ಆ ಹೊತ್ತಿನಲ್ಲಿ ನಾನೊಂದು ಮೃಗದ ಹಿಂಗಾಲಾಗಿದ್ದೆ!

ನಗಬೇಡಿ. ಈ ದಂಧೆಯಲ್ಲಿ ನಾನು ಡ್ರೈವರ್ ಆಗಿದ್ದೇನೆ, ವಾರ್ಡ್‌ಬಾಯ್ ಆಗಿದ್ದೇನೆ, ಒಮ್ಮೆ ಹೆಣವೂ ಆಗಿದ್ದೇನೆ. ಪೊಲೀಸರನ್ನು ನಂಬಿ ಕೆಟ್ಟವರು ಕೊನೆಗೆ ನನ್ನ ಬಾಗಿಲು ತಟ್ಟುತ್ತಾರೆ. ಆದರೆ ಸೈನ್ಸ್ ಫಿಕ್ಷನ್ ಸಮ್ಮೇಳನದ ವೇಷ ಸ್ಪರ್ಧೆಗೆ ಬಂದು, ಯಾವುದೋ ಗ್ರಹದ ನಾಲ್ಕು ಮುಖದ ಮೃಗದೊಳಗೆ ಸೊಂಟ ಬಗ್ಗಿಸಿ ನಿಂತಿದ್ದು ಅದೇ ಮೊದಲು.

ಮುಂಗಾಲು ಮೇಣ. ಮುಖವಾಡ ಮಾಡುವವನು. ಮೇಣದ ಹಾಗೆ ಬೆಳ್ಳಗೆ, ಮೆತ್ತಗೆ ಇದ್ದನಾದ್ದರಿಂದ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನನ್ನು ಕಾಯುವುದು ನನ್ನ ಕೆಲಸ.

“ಸದ್ದಿಲ್ದೆ ಎಡಗಡೆ ಬಾಗಿಲಿಗೆ ನಡಿ,” ಎಂದಿತು ಹೊರಗಿನ ದನಿ. “ಮುಂದಿರೋನ್ನೂ ಕರ್ಕೊಂಡು.”

“ಅಲ್ಲಪ್ಪಾ... ಹಿಂಗಾಲು ಹೇಳಿದ್ರೆ ಮುಂಗಾಲು ಕೇಳುತ್ತಾ?”

ಮೂತಿ ಸ್ಪಂಜಿನೊಳಗೆ ಇನ್ನಷ್ಟು ಇಳಿಯಿತು. ಅವನಿಗೆ ತಮಾಷೆ ಹಿಡಿಸಲಿಲ್ಲ.

ಕತೆ ಇಷ್ಟು. ನಾಲ್ಕು ಜನ ಮೇಣನ ಅಂಗಡಿಗೆ ಬಂದು, ನಾಟಕಕ್ಕೆ ಬೇಕೆಂದು ಹೇಳಿ ಮುದುಕರ ಮುಖವಾಡ ಮಾಡಿಸಿಕೊಂಡಿದ್ದರು. ಮುಖವಾಡ ಚರ್ಮದ ಹಾಗೆ ಕೂರಬೇಕಾದರೆ ತೊಡುವವನ ಮುಖದ್ದೇ ಅಚ್ಚು ಬೇಕು. ಮೇಣ ಪ್ಲಾಸ್ಟರ್ ಬಳಿದು ನಾಲ್ವರ ಅಚ್ಚನ್ನೂ ತೆಗೆದ. ಆಮೇಲೊಂದು ದಿನ ಟಿವಿಯಲ್ಲಿ ನೋಡುತ್ತಾನೆ... ಅವನ ಮುದುಕರು ಬ್ಯಾಂಕ್ ದೋಚುತ್ತಿದ್ದಾರೆ! ಅಲ್ಲಿಯ ಕಾವಲುಗಾರ ಸತ್ತ. ಮೇಣ ಅಚ್ಚುಗಳನ್ನು ಹೊತ್ತುಕೊಂಡು ಠಾಣೆಗೆ ಓಡಿದ. ಪೊಲೀಸರು ತೆಗೆದಿಟ್ಟುಕೊಂಡರು. ಮತ್ತೆ ಹೋಗಿ ವಿಚಾರಿಸಿದಾಗ ಯಾವ ಅಚ್ಚು ಎಂದು ಅವನನ್ನೇ ಕೇಳಿದರು. ಅಂದಿನಿಂದ ಅವನ ಬೆನ್ನಿಗೆ ಜನ ಬಿದ್ದಿದ್ದರು.

ನನ್ನ ಹತ್ತಿರ ಬಂದವಳು ಅವನ ಹೆಂಡತಿ. ಊರು ಬಿಡೋಣ ಎಂದು ಆಕೆ ಕೈಕಾಲು ಹಿಡಿದರೂ ಗಂಡ ಸ್ಪರ್ಧೆ ಮುಗಿಯದೆ ಕದಲುವುದಿಲ್ಲ ಎಂದು ಹಟ ಹಿಡಿದಿದ್ದನಂತೆ.

“ಬಹುಮಾನ ಬರ್ಲಿ ಬಿಡ್ಲಿ ಅಣ್ಣಾ,” ಎಂದಿದ್ದಳು. “ಅವರನ್ನ ಜೀವಂತ ಮನೆಗೆ ಕರ್ಕೊಂಡ್ ಬನ್ನಿ. ನನಗೆ ಅಷ್ಟು ಸಾಕು.”

ಹಟ ಏಕೆಂದು ಮೇಣ ನನಗೂ ಬಾಯಿ ಬಿಟ್ಟಿರಲಿಲ್ಲ. ಮೃಗದ ಮುಖಗಳಿಗೆ ಬಟ್ಟೆ ಮುಚ್ಚಿಯೇ ತಂದಿದ್ದ. ಎತ್ತಿ ನೋಡಲು ಹೋದರೆ ನನ್ನ ಕೈಗೆ ಪಟ್ಟನೆ ಹೊಡೆದ. ಅದನ್ನು ವೇದಿಕೆಯ ಮೇಲೇ ತೆಗೆಯುವುದಂತೆ. ಕಲಾವಿದರ ಹುಚ್ಚು ಎಂದುಕೊಂಡು ಸುಮ್ಮನಾಗಿದ್ದೆ.

ಈಗ ಪಕ್ಕೆಯಲ್ಲಿ ಪಿಸ್ತೂಲು.

ಮೃಗಕ್ಕೊಂದು ಬಾಲವಿತ್ತು. ಅದರೊಳಗೆ ಕಬ್ಬಿಣದ ಸರಳು. ಸರಳಿನ ಹಿಡಿ ನನ್ನ ಕೈಯಲ್ಲಿ.

ಬೀಸಿದೆ.

ಹೊರಗೆ ಯಾರೋ ಕುಸಿದ ಸದ್ದಾಯಿತು. ಹೊಟ್ಟೆಯ ಕೆಳಗಿನ ಸೀಳಿನಲ್ಲಿ ಬಗ್ಗಿ ನೋಡಿದೆ. ನನಗಿದ್ದ ಕಿಟಕಿ ಅದೊಂದೇ. ನಿಜವಾದ ಪಿಸ್ತೂಲೇ ನೆಲದ ಮೇಲೆ ಬಿದ್ದಿತ್ತು. ಅದಕ್ಕೆ ‘ಆಟಿಕೆ’ ಎಂದು ಬರೆದ ಹಳದಿ ಚೀಟಿ! ಬಾಗಿಲಲ್ಲಿದ್ದ ಸ್ವಯಂಸೇವಕರೇ ಪರೀಕ್ಷೆ ಮಾಡಿ, ಚೀಟಿ ಕಟ್ಟಿ, ಒಳಗೆ ಬಿಟ್ಟಿದ್ದರು. ಎಷ್ಟು ಚೆನ್ನಾಗಿ ಮಾಡಿದ್ದೀರಿ ಎಂದು ಹೊಗಳಿಯೂ ಇರಬೇಕು. ಸುತ್ತ ನಿಂತಿದ್ದ ರೋಬೋಗಳು, ಗಗನಯಾತ್ರಿಗಳು ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು.

ಆಚೆಯಿಂದ ಇನ್ನೊಂದು ಜೊತೆ ಬೂಟು ಓಡಿ ಬರುತ್ತಿತ್ತು.

“ಮೇಣಾ, ಓಡು!”

“ಎಲ್ಲಿಗಣ್ಣಾ?”

“ಕಣ್ಣಿರೋದು ನಿನಗೆ. ನೀನೇ ನೋಡು!”

ಓಡಿದೆವು. ಅವನು ಬಲಗಾಲಿಟ್ಟರೆ ನಾನು ಎಡಗಾಲು. ಮೇಕಪ್ ಕೋಣೆಯ ಕನ್ನಡಿಯೊಂದು ಒಡೆಯಿತು. ಒಬ್ಬ ರೋಬೋ ಅಡ್ಡ ಬಿದ್ದು ತನ್ನ ಡಬ್ಬಿಯೊಳಗಿಂದಲೇ ನಮ್ಮ ವಂಶವನ್ನೆಲ್ಲ ಬೈದ. ಹೊರಗೆ ಹೋಗುವ ಬಾಗಿಲಿನ ತಂಪು ಗಾಳಿ ಕಾಲಿಗೆ ತಾಕಿತು... ಆದರೆ ಮೇಣ ಅದನ್ನು ಬಿಟ್ಟು ಬಲಕ್ಕೆ ತಿರುಗಿದ. ಮೆಟ್ಟಿಲು. ಹಲಗೆ. ಬೆಳಕು.

ಪುಣ್ಯಾತ್ಮ ನೇರ ವೇದಿಕೆಗೇ ಹತ್ತಿಸಿದ್ದ!

ಬಟ್ಟೆ ಸರಿದ ಸದ್ದು. ಸಭಾಂಗಣದ ತುಂಬ ಶಿಳ್ಳೆಯೋ ಶಿಳ್ಳೆ.

“ಅಣ್ಣಾ,” ಮೇಣ ಉಸಿರಿನಲ್ಲೇ ಹೇಳಿದ. “ಇವು ಆ ಬ್ಯಾಂಕ್ ಕಳ್ಳರ ಮುಖಗಳೇ. ಅಚ್ಚಿನ ಇನ್ನೊಂದು ಪ್ರತಿ ನನ್ನ ಹತ್ರ ಇತ್ತು.”

ಹುಚ್ಚನಲ್ಲ ಇವನು! ತುಂಬಿದ ಸಭೆ, ಸಾಲು ಕ್ಯಾಮೆರಾ. ಠಾಣೆಯಲ್ಲಿ ಮುಚ್ಚಿಟ್ಟದ್ದನ್ನು ಊರ ಮುಂದೆ ಬಿಚ್ಚಿಟ್ಟಿದ್ದ. ಪ್ರತಿ ಸ್ಪರ್ಧಿಗೂ ಒಂದು ನಿಮಿಷ ಮೈಕ್ ಕೊಡುತ್ತಾರೆ. ಇವರು ಕೊಲೆಗಾರರು ಎಂದು ಹೇಳಿದರೆ ಮುಗಿಯಿತು.

ಮೈಕ್ ಬಂತು. ಜೊತೆಗೆ ತೀರ್ಪುಗಾರ್ತಿಯ ಪ್ರಶ್ನೆಯೂ ಬಂತು.

“ಚರ್ಮದ ಮೇಲಿನ ಈ ಸಣ್ಣ ಸಣ್ಣ ತೂತುಗಳು... ಇವನ್ನ ಹೇಗೆ ತಂದ್ರಿ?”

ಮೇಣ ಹೇಳಲು ಶುರುಮಾಡಿದ.

ಕಿತ್ತಳೆ ಸಿಪ್ಪೆಯ ಮೇಲೆ ರಬ್ಬರ್ ಸುರಿದು ಅಚ್ಚು ತೆಗೆಯಬೇಕಂತೆ. ಅದನ್ನು ಹಸಿ ಜೇಡಿಮಣ್ಣಿನ ಕೆನ್ನೆಗೆ ಒತ್ತಬೇಕಂತೆ. ಮೂಗಿಗೆ ದಪ್ಪ ಸಿಪ್ಪೆ, ಕಣ್ಣಿನ ಕೆಳಗೆ ಮಾತ್ರ ನಿಂಬೆಯದು. ನಾನು ಹಿಂದಿನಿಂದ ಅವನ ಹಿಮ್ಮಡಿಗೆ ಒದ್ದೆ. ಅವನು ನಿಂಬೆಯಿಂದ ಹುಬ್ಬಿನ ಕೂದಲಿಗೆ ಹೋದ. ಮತ್ತೆ ಒದ್ದೆ. ಒಂದೊಂದೇ ಕೂದಲನ್ನು ಸೂಜಿಯಿಂದ ನಾಟುವುದನ್ನು ವಿವರಿಸಿದ. ದನಿಯಲ್ಲಿ ಎಂಥ ಖುಷಿ! ಜನ್ಮದಲ್ಲಿ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. ನನಗೆ ಅಳು ಬರುವಂತಾಯಿತು.

ಗಂಟೆ ಬಾರಿಸಿದರು. ಮೈಕ್ ಕಿತ್ತುಕೊಂಡರು.

ಆಗ ಅವನಿಗೆ ಎಚ್ಚರವಾಯಿತು. “ಇವರು ಕೊಲೆಗಾರರು! ಕಾವಲುಗಾರನ್ನ ಕೊಂದೋರು ಇವರೇ!” ಎಂದು ಬರಿಗಂಟಲಲ್ಲಿ ಕಿರುಚಿದ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಿರೂಪಕ ಅವನ ಅಭಿನಯವನ್ನು ಬಾಯ್ತುಂಬ ಹೊಗಳಿ, ಮುಂದಿನ ಸ್ಪರ್ಧಿಯನ್ನು ಕರೆದ.

ಮೆಟ್ಟಿಲಿಳಿದೆವು. ಕೆಳಗೆ ಪಾಲಿಶ್ ಮಾಡಿದ ಕಂದು ಬೂಟುಗಳು ಕಾದಿದ್ದವು. ತಾನು ಇನ್ಸ್‌ಪೆಕ್ಟರ್ ಎಂದೂ, ಪಿಸ್ತೂಲಿನವನನ್ನೂ ಅವನ ಜೊತೆಗಾರನನ್ನೂ ಹಿಡಿದಾಯಿತೆಂದೂ ಬೂಟಿನವರು ಹೇಳಿದರು. ನಾನು ಉಸಿರು ಬಿಟ್ಟೆ.

“ಬನ್ನಿ,” ಎಂದರು ಮೇಣನಿಗೆ, ಬಹಳ ಮೃದುವಾಗಿ. “ನಿಮ್ಮ ಹೆಂಡತಿ ನಮ್ಮ ಜೀಪಲ್ಲೇ ಕೂತಿದ್ದಾರೆ.”

ಮೇಣ ಒಂದು ಹೆಜ್ಜೆ ಹಿಂದೆ ಸರಿದು ನನ್ನ ಕಾಲು ತುಳಿದ.

“ಬರ್ತೀನಿ ಸಾರ್.”

“ಹಿಂದೆ ಯಾರು?”

“ಬಾಡಿಗೆ ಆಳು ಸಾರ್. ಅವನಿಗೇನೂ ಗೊತ್ತಿಲ್ಲ.”

ಬಾಡಿಗೆ ಆಳು! ಜೀವ ಪಣಕ್ಕಿಟ್ಟವನಿಗೆ ಸಿಕ್ಕ ಬಿರುದು ನೋಡಿ. ನನಗೆ ಉರಿಯಿತು. ಸೀಳಿನಲ್ಲಿ ಇನ್ಸ್‌ಪೆಕ್ಟರ್ ಮುಖ ಬಗ್ಗಿ ಇಣುಕಿತು. ಎಡ ಹುಬ್ಬನ್ನು ಎರಡು ಭಾಗ ಮಾಡಿದ ಹಳೆಯ ಗಾಯ. ಪಾಪ, ಬೆವತು ಹೋಗಿದ್ದೀರಿ ಎಂದು ಕನಿಕರ ತೋರಿಸಿತು. ಮೃಗದ ನಾಲ್ಕೂ ಮುಖಗಳನ್ನು ಸಾಕ್ಷಿಗೆ ಬೇಕೆಂದು ಕಳಚಿಸಿಕೊಂಡು, ಮೇಣನನ್ನೂ ಕರೆದುಕೊಂಡು ಹೋದರು. ಒಳ್ಳೆಯ ಅಧಿಕಾರಿ ಎಂದುಕೊಂಡೆ.

ಸ್ವಯಂಸೇವಕಿಯೊಬ್ಬಳು ಬಂದು ನನ್ನ ಬೆನ್ನಿನ ಜಿಪ್ ಎಳೆದಳು. ಹಿಂಗಾಲುಗಳ ಸಮೇತ ಎದ್ದು ನಿಂತೆ. ವೇದಿಕೆಯ ದೊಡ್ಡ ಪರದೆಯ ಮೇಲೆ ಸ್ಪರ್ಧಿಗಳನ್ನು ಮತ್ತೆ ತೋರಿಸುತ್ತಿದ್ದರು. ನಮ್ಮ ಮೃಗ ಬಂತು. ಮೂರು ಮುಖ ಅಪರಿಚಿತ. ನಾಲ್ಕನೆಯದಕ್ಕೆ ಹಸಿರು ಬಣ್ಣ, ತಲೆಗೊಂದು ಕೊಂಬು.

ಎಡ ಹುಬ್ಬಿಗೆ ಗಾಯ.

ಹಿಂದಿನ ಗೇಟಿಗೆ ಓಡಿದೆ. ಬಿಸಿಲಲ್ಲಿ ಖಾಲಿ ರಸ್ತೆ. ಜೀಪಿನ ಧೂಳೂ ಅಡಗಿತ್ತು. ಮೇಣನ ಹೆಂಡತಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

“ಎಲ್ಲಿದ್ದೀಯಮ್ಮಾ?”

“ಮನೇಲೇ ಅಣ್ಣಾ. ಎಲ್ಲಿಗೆ ಹೋಗ್ಲಿ? ಹೊರಟ್ರಾ ನೀವಿಬ್ರೂ?”

ಸ್ನಾನಕ್ಕೆ ನೀರು ಕಾಯಿಸಿಟ್ಟಿದ್ದಳಂತೆ.

ಮೇಣ ಮನೆಗೆ ಬರಲಿಲ್ಲ. ಯಾರನ್ನೂ ಕರೆದೊಯ್ದೇ ಇಲ್ಲ ಎಂದಿತು ಠಾಣೆ. ಹಸಿರು ಬಳಿದ ಕೊಂಬಿನ ಮುಖದ ವಿಡಿಯೋ ನನ್ನ ಹತ್ತಿರವೂ ಇದೆ, ಸಾವಿರಾರು ಜನರ ಹತ್ತಿರವೂ ಇದೆ. ತೋರಿಸಿದ ಕಡೆಯೆಲ್ಲ ನಕ್ಕರು.

ಹಾಂ, ಮರೆತೆ. ಮೊದಲ ಬಹುಮಾನ ನಮಗೇ ಬಂತು. ತೀರ್ಪುಗಾರರು ನಾಲ್ಕೂ ಮುಖಗಳು ಜೀವಂತವಾಗಿವೆ ಎಂದು ಕೊಂಡಾಡಿದರು.

ಸರಿಯಾಗೇ ಹೇಳಿದ್ದಾರೆ... ನಾಲ್ಕೂ ಇವತ್ತಿಗೂ ಜೀವಂತವಾಗಿಯೇ ಇವೆ.